‘ನಾವು’ ಎನ್ನುವ ನಿರೂಪಕನನ್ನು ನಂಬಬಹುದೇ?

ನಂಬಲಾಗದ ನಿರೂಪಕ ಎಂದರೆ ಸುಳ್ಳು ಹೇಳುವವನು ಎಂದುಕೊಳ್ಳುತ್ತೇವೆ. ನಮ್ಮ ಚಿಕ್ಕಬಳ್ಳಾಪುರವೂ 2007ರವರೆಗೆ ಸೇರಿದ್ದ ಕೋಲಾರ ಜಿಲ್ಲೆಯ ಮಾಸ್ತಿಯವರ ‘ರಂಗನ ಮದುವೆ’ಯನ್ನೇ ನೋಡಿ. ಕತೆ ಹೇಳುವ ಶ್ಯಾಮ ಹೂಟಗಾರ. ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು, ಅವರ ಬಾಯಿಂದ ಭವಿಷ್ಯ ನುಡಿಸಿ, ರಂಗನನ್ನು ಮದುವೆಗೆ ಒಪ್ಪಿಸುತ್ತಾನೆ. ಆದರೆ ಆ ಗುಟ್ಟು ನಮಗೆ ಗೊತ್ತು. ಮೋಸಹೋಗುವವನು ರಂಗ, ಓದುಗನಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇದಕ್ಕೆ ತದ್ವಿರುದ್ಧ. ಕಾಫಿಹೌಸಿನಲ್ಲಿ ಕೂತ ಹೆಸರಿಲ್ಲದ ನಿರೂಪಕನ ಮಾತಿನಲ್ಲಿ ಸುಳ್ಳೆಂದು ಬೊಟ್ಟುಮಾಡುವಂಥದ್ದು ಸಿಗುವುದಿಲ್ಲ. ಅವನು ಅಡಗಿಕೊಳ್ಳುವುದು ‘ನಾವು’ ಎಂಬ ಪದದ ಹಿಂದೆ. ಮನೆ ನಡೆಯುವುದು ಚಿಕ್ಕಪ್ಪನ ದುಡಿಮೆಯಿಂದ. ಹಾಗಾಗಿ ಅವನನ್ನು ಕಾಪಾಡುವುದು ಎಲ್ಲರ ಕೆಲಸ. ಚಿಕ್ಕಪ್ಪನಿಗೆಂದು ಸಾರು ಮಾಡಿಕೊಂಡು ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುತ್ತಾರೆ. ನಿರೂಪಕ ಅದನ್ನು ವಿವರವಾಗಿ ಹೇಳುತ್ತಾನೆ, ತಡೆಯುವುದಿಲ್ಲ. ಆ ಮನೆಯನ್ನು ಪ್ರಶ್ನಿಸುವವಳು ಅವನ ಹೆಂಡತಿ ಅನಿತಾ.

ಹಳೆಯ ಮನೆಯಲ್ಲಿ ಇರುವೆಗಳನ್ನು ಹೊಸಕಿದ್ದನ್ನು ಓದುವಾಗ ನಾವೂ ಆ ಮನೆಯವರ ಪಕ್ಷದಲ್ಲೇ ಇರುತ್ತೇವೆ. ಅಲ್ಲಿಂದಲೇ ಅವನ ‘ನಾವು’ ನಮ್ಮನ್ನೂ ಒಳಗೆ ಎಳೆದುಕೊಂಡಿರುತ್ತದೆ. ಕೊನೆಗೆ ತವರಿಗೆ ಹೋದ ಅನಿತಾ ಇನ್ನೂ ಬಂದಿಲ್ಲ. ಏನಾಗಿರಬಹುದೆಂದು ಅವನು ಹೇಳುವುದಿಲ್ಲ, ನಮಗೆ ಹೊಳೆಯುತ್ತದೆ. ಹೊಳೆಯುವುದೇಕೆಂದರೆ, ಆ ಮನೆಯವರು ಯಾವುದಕ್ಕೂ ಹೇಸುವುದಿಲ್ಲ ಎಂಬುದಕ್ಕೆ ಅಷ್ಟು ಹೊತ್ತಿಗೆ ನಾವೂ ಸಾಕ್ಷಿಗಳು.

ಇಂಥ ಕತೆಯಲ್ಲಿ ಸುಳ್ಳು ಹುಡುಕಿ ಪ್ರಯೋಜನವಿಲ್ಲ. ಎರಡನೇ ಓದಿನಲ್ಲಿ ‘ನಾನು’ ಎನ್ನಬೇಕಾದ ಕಡೆ ಅವನು ‘ನಾವು’ ಎಂದದ್ದೆಲ್ಲಿ ಎಂದು ಗುರುತು ಹಾಕುತ್ತಾ ಹೋಗಿ. ಅವನು ಹೇಳದೆ ಬಿಟ್ಟ ಕತೆ ಅಲ್ಲಿದೆ.