ಉಕ್ಕಿನ ಡ್ಯೂಕನೂ ಮೈಸೂರಿನ ಎತ್ತುಗಳೂ

ವೆಲಿಂಗ್ಟನ್ ಎಂಬ ಹೆಸರನ್ನು ನಾವೆಲ್ಲ ಮೊದಲು ಕಂಡದ್ದು ಶಾಲೆಯ ಇತಿಹಾಸ ಪುಸ್ತಕದಲ್ಲಿ. 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, 1828ರಲ್ಲಿ ಇಂಗ್ಲೆಂಡಿನ ಪ್ರಧಾನಮಂತ್ರಿಯಾದವನು, ‘ಉಕ್ಕಿನ ಡ್ಯೂಕ್’ ಎಂಬ ಬಿರುದು ಪಡೆದವನು ಎಂಬಿಷ್ಟು ಸಂಗತಿಗಳು ಅನೇಕರಿಗೆ ಬಾಯಿಪಾಠ. ನೀಲಗಿರಿಯ ಕೂನೂರಿಗೆ ಹೋದವರು ಅವನ ಹೆಸರಿನ ದಂಡಿನ ಊರನ್ನೂ ನೋಡಿರಬಹುದು. ಆದರೆ ಈ ಮಹಾಶಯನು ಪುಣೆಗೆ ಬಂದದ್ದು ನಮ್ಮ ಹರಿಹರದ ಕಡೆಯಿಂದ, ತುಂಗಭದ್ರೆಯನ್ನು ದಾಟಿ, ಮೀರಜದ ಸೀಮೆಯ ಮೂಲಕ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹೊಟ್ಟೆಪಾಡಿಗಾಗಿಯೋ ನೌಕರಿಗಾಗಿಯೋ ನಾವು ಮತ್ತು ನಮ್ಮ ಹಿರಿಯರು ಹಿಡಿದು ಬಂದ ದಾರಿಯೂ ಹೆಚ್ಚು ಕಡಿಮೆ ಅದೇ. ಆದ್ದರಿಂದ ಅವನ ಕೀರ್ತಿಯನ್ನು ಪುಣೆಯ ಕನ್ನಡಿಗರ ಕಣ್ಣಿನಿಂದ ಒಮ್ಮೆ ಪರೀಕ್ಷಿಸಿ ನೋಡುವುದು ಅನುಚಿತವಾಗಲಾರದು.

ಈತನ ಜೀವನವನ್ನು ಕುರಿತ ಗ್ರಂಥಗಳಿಗೆ ಕೊರತೆಯಿಲ್ಲ. ಲೇಡಿ ಎಲಿಜಬೆತ್ ಲಾಂಗ್‌ಫರ್ಡ್ ಅವರ ಎರಡು ಸಂಪುಟಗಳು 1969 ಮತ್ತು 1972ರಲ್ಲಿ ಹೊರಬಂದವು. ಮೊದಲನೆಯದರ ಹೆಸರು ‘ಖಡ್ಗದ ವರ್ಷಗಳು’ ಎಂಬರ್ಥದ್ದು, ಎರಡನೆಯದರ ಹೆಸರು ‘ರಾಜ್ಯದ ಸ್ತಂಭ’ ಎಂಬರ್ಥದ್ದು. 1972ರಲ್ಲಿಯೇ ಜ್ಯಾಕ್ ವೆಲ್ಲರ್ ಎಂಬವರು ಅವನ ಭಾರತದ ವರ್ಷಗಳನ್ನೇ ಕುರಿತು ಪ್ರತ್ಯೇಕ ಪುಸ್ತಕ ಬರೆದರು. ವಿದ್ವಾಂಸರು ಭಾರತವನ್ನು ಮರೆತರೆಂದು ದೂರುವಂತಿಲ್ಲ. ನಮ್ಮ ತಕರಾರು ಇರುವುದು ಜನಮನದಲ್ಲಿ ನೆಲೆ ನಿಂತ ಚಿತ್ರದ ಬಗೆಗೆ. ಆ ಚಿತ್ರದಲ್ಲಿ ವೆಲಿಂಗ್ಟನ್ ಮಿತಭಾಷಿ, ಅಚಲ, ಯಾರ ಹಂಗೂ ಇಲ್ಲದೆ ಸ್ವಸಾಮರ್ಥ್ಯದಿಂದ ಮೇಲೇರಿದ ಒಂಟಿ ಪುರುಷ. ಉಕ್ಕು ಎಂದಮೇಲೆ ಊರುಗೋಲು ಏಕೆ ಬೇಕು? ಆದರೆ ಈ ಉಕ್ಕನ್ನು ಹೊತ್ತು ತಂದ ಹೆಗಲುಗಳು ಯಾರವು ಎಂದು ಕೇಳಿದೊಡನೆ ಚಿತ್ರ ಬೇರೆಯಾಗುತ್ತದೆ.

1769ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಆರ್ಥರ್ ವೆಲ್ಲೆಸ್ಲಿ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಾಗ ಮೂವತ್ತು ತುಂಬದ ಕರ್ನಲ್. ಅವನ ಅಣ್ಣ ರಿಚರ್ಡ್ ಆಗ ಗವರ್ನರ್ ಜನರಲ್. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಇವನ ದಂಡು ಕತ್ತಲಲ್ಲಿ ದಿಕ್ಕು ತಪ್ಪಿ ಪೆಟ್ಟು ತಿಂದಿತು. ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಹಿಂದೆ ಅದೇ ಊರಿನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು ಆತ. ಆದರೆ ಗೆದ್ದ ಊರಿನ ಅಧಿಕಾರ ದೊರೆತದ್ದು ಬೇರ್ಡನಿಗಲ್ಲ, ಗವರ್ನರ್ ಜನರಲ್ಲರ ತಮ್ಮನಿಗೆ. ವೆಲ್ಲೆಸ್ಲಿ ಅಯೋಗ್ಯನಾಗಿದ್ದನೆಂದು ನಾವು ಹೇಳುತ್ತಿಲ್ಲ. ಯೋಗ್ಯತೆಗೆ ಅವಕಾಶ ಸಿಕ್ಕಿದ ಬಗೆಯನ್ನು ಮುಚ್ಚಿಡಬಾರದು ಎಂದಷ್ಟೇ ನಮ್ಮ ಮಾತು.

ಅವನ ಪತ್ರಗಳನ್ನು ಕರ್ನಲ್ ಗರ್ವುಡ್ 1834ರಿಂದ ಸಂಪುಟ ಸಂಪುಟವಾಗಿ ಪ್ರಕಟಿಸಿದನು. ಡ್ಯೂಕನೇ ಸಮ್ಮತಿಸಿ ಹೊರತಂದ ಈ ಪತ್ರಗಳು ಅವನ ಕೀರ್ತಿಯ ತಳಹದಿಯಾದವು. ವಿಚಿತ್ರವೆಂದರೆ, ಒಂಟಿ ಪುರುಷನ ಚಿತ್ರವನ್ನು ಒಡೆಯುವ ಸಾಕ್ಷ್ಯವೂ ಅವುಗಳಲ್ಲಿಯೇ ಇದೆ. ಭಾರತದ ಪತ್ರಗಳಲ್ಲಿ ಶೌರ್ಯದ ಮಾತು ಕಡಿಮೆ. ಇರುವುದೆಲ್ಲ ಎತ್ತು, ಅಕ್ಕಿ, ಮೇವು, ಗೋಣಿಚೀಲ, ದೋಣಿ. ಒಳ್ಳೆಯ ಎತ್ತುಗಳು ಬೇಕು, ಅವನ್ನು ಸರಿಯಾಗಿ ಹೊಡೆಯುವವರು ಬೇಕು, ನೋಡಿಕೊಳ್ಳುವವರು ಬೇಕು. ಇಲ್ಲದಿದ್ದರೆ ಸೈನ್ಯದ ವೇಗವೆಂಬುದು ಬರಿಯ ಮಾತು ಎಂಬುದು ಅವನು ಮತ್ತೆ ಮತ್ತೆ ಹೇಳುವ ಅಂಶ. ಆ ಒಳ್ಳೆಯ ಎತ್ತುಗಳು ಎಲ್ಲಿಯವು? ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂದು ಹೆಸರಾದ ಮೈಸೂರಿನ ತಳಿಯವು. ಮುಂದೆ ಸ್ಪೇನಿನ ಯುದ್ಧದಲ್ಲಿ ಈ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಅವನು ಪೇಚಾಡುತ್ತಿದ್ದನೆಂದು ಹೇಳುವುದುಂಟು. ಧಾನ್ಯ ಹೊತ್ತು ದಂಡಿನ ಜೊತೆ ನಡೆದವರು ಲಂಬಾಣಿಗಳು. ಇವೆಲ್ಲದರ ಹಿಂದೆ ಮೈಸೂರಿನ ದಿವಾನ್ ಪೂರ್ಣಯ್ಯನವರ ಉಗ್ರಾಣವೂ ಬೊಕ್ಕಸವೂ ಇದ್ದವು.

1803ರ ಮಾರ್ಚ್ 9ರಂದು ಹರಿಹರ ಬಿಟ್ಟ ಸೈನ್ಯವು ಏಪ್ರಿಲ್ 20ರಂದು ಪುಣೆ ಮುಟ್ಟಿತು. ಹಿಂದಿನ ಅಕ್ಟೋಬರ್ 25ರಂದು ಹಡಪಸರದ ಬಳಿ ಯಶವಂತರಾವ್ ಹೋಳ್ಕರನು ಪೇಶ್ವೆ ಎರಡನೆಯ ಬಾಜಿರಾಯನನ್ನು ಸೋಲಿಸಿದ್ದನು. ಓಡಿಹೋದ ಬಾಜಿರಾಯನು ಡಿಸೆಂಬರ್ 31ರಂದು ವಸಾಯಿಯಲ್ಲಿ ಇಂಗ್ಲಿಷರ ಒಪ್ಪಂದಕ್ಕೆ ರುಜು ಹಾಕಿದ್ದನು. ಪುಣೆಯಲ್ಲಿ ಉಳಿದಿದ್ದ ಅಮೃತರಾಯನು ಊರಿಗೆ ಬೆಂಕಿ ಇಡುವನೆಂಬ ಸುದ್ದಿ ಬಂದಾಗ ವೆಲ್ಲೆಸ್ಲಿ ಕುದುರೆಯ ದಂಡನ್ನು ಮುಂದೆ ಮಾಡಿಕೊಂಡು ಕೊನೆಯ 60 ಮೈಲಿಗಳನ್ನು 32 ಗಂಟೆಗಳಲ್ಲಿ ಕ್ರಮಿಸಿದನು. ಊರು ಸುಡಲಿಲ್ಲ. ‘ಪುಣೆಯನ್ನು ಉಳಿಸಿದವನು’ ಎಂಬ ಹೆಸರು ಅವನಿಗೆ ಬಂತು.

ಈ ಹೆಸರನ್ನು ಹಾಗೆಯೇ ಒಪ್ಪಬಹುದೇ? ಆ ಎರಡು ದಿನಗಳನ್ನಷ್ಟೇ ನೋಡಿದರೆ ಒಪ್ಪಬೇಕು. ಆದರೆ ಬಂದದ್ದು ಕೇವಲ ಒಂದು ಸೈನ್ಯವಲ್ಲ, ವಸಾಯಿಯ ಕಾಗದವೂ ಅದರ ಬೆನ್ನಿಗೆ ಬಂತು. ಮೇ 13ರಂದು ಬಾಜಿರಾಯನು ಮರಳಿ ಗಾದಿಯೇರಿದನು, ಆದರೆ ಗಾದಿಯ ಕಾಲುಗಳು ಪರರವಾಗಿದ್ದವು. ಪೇಟೆ ಉಳಿಯಿತು, ಸುತ್ತಲಿನ ಹಳ್ಳಿಗಳು ಉಳಿಯಲಿಲ್ಲ. ಹಲವು ದಂಡುಗಳು ತುಳಿದು ಹೋದ ದಖ್ಖಣದಲ್ಲಿ 1803-04ರಲ್ಲಿ ಘೋರ ಬರ ಬಿತ್ತು. 1803ರ ಆಗಸ್ಟಿನಲ್ಲಿ ಅಹಮದ್‌ನಗರದ ಮುತ್ತಿಗೆಯಲ್ಲಿ ವೆಲ್ಲೆಸ್ಲಿಯ ಜೊತೆಗಿದ್ದ ಬಾಪು ಗೋಖಲೆಯೇ 1817ರ ನವೆಂಬರ್ 5ರಂದು ಖಡಕಿಯ ಬಯಲಿನಲ್ಲಿ ಇಂಗ್ಲಿಷರಿಗೆ ಇದಿರಾಗಿ ನಿಂತನು, ಮರುವರ್ಷ ಆಷ್ಟಿಯಲ್ಲಿ ಮಡಿದನು. ಉಳಿಸಿದವನ ಕಥೆಯ ಕೊನೆಯ ಅಧ್ಯಾಯ ಅದು. ಖಡಕಿಯ ಸ್ಟೇಷನ್ನನ್ನು ಹಾದು ಹೋಗುವ ನಾವು ಅದನ್ನು ಮರೆಯಬಾರದು.

1803ರ ಸೆಪ್ಟೆಂಬರ್ 23ರ ಅಸಾಯೆಯ ಯುದ್ಧವಂತೂ ಅವನ ಕೀರ್ತಿಯ ಮೊದಲ ಶಿಖರ. ಈಗಿನ ಜಾಲನಾ ಜಿಲ್ಲೆಯ ಆ ಹಳ್ಳಿಯ ಹತ್ತಿರ, ನದಿಯ ಎರಡು ದಡಗಳಲ್ಲಿ ಎದುರುಬದುರಾಗಿ ಎರಡು ಹಳ್ಳಿಗಳಿರುವುದನ್ನು ಕಂಡು, ನಡುವೆ ಹಾಯುಗಡ ಇರಲೇಬೇಕೆಂದು ಊಹಿಸಿ ಅವನು ಸೈನ್ಯವನ್ನು ದಾಟಿಸಿದನು. ಈ ಜಾಣತನವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಆದರೆ ಅಂದು ಸುಮಾರು 1,600 ಜನ ಅವನ ಕಡೆಯಲ್ಲೇ ಸತ್ತರು ಇಲ್ಲವೆ ಗಾಯಗೊಂಡರು. ಅವರಲ್ಲಿ ಮದ್ರಾಸ್ ಸೈನ್ಯದ ಸಿಪಾಯಿಗಳು ಬಹಳ. ಶತ್ರುವಿನ ಕುದುರೆಯ ದಂಡು ಹಿಂದಿನಿಂದ ಬೀಳದಂತೆ ತಡೆದು ನಿಂತವರಲ್ಲಿ ಮೈಸೂರಿನ ಸವಾರರೂ ಇದ್ದರು. ಇಂಗ್ಲಿಷ್ ಕಾಗದಗಳಲ್ಲಿ ಬಿಷ್ಟಪ್ಪ ಪಂಡಿತ ಎಂದು ಕಾಣಬರುವವನು ಅವರ ನಾಯಕ. ವೆಲಿಂಗ್ಟನ್ನನನ್ನು ‘ಸಿಪಾಯಿಗಳ ಜನರಲ್’ ಎಂದು ನೆಪೋಲಿಯನ್ ಹೀಯಾಳಿಸಿದನಂತೆ. ಹೀಯಾಳಿಕೆಯೇ ಆದರೂ ಅದರಲ್ಲಿ ಇತಿಹಾಸದ ನಿಜವೊಂದು ಅಡಗಿದೆ.

ಇನ್ನು ಪ್ರಧಾನಮಂತ್ರಿಯಾಗಿ ಅವನ ನಡತೆ. 1829ರಲ್ಲಿ ತನ್ನ ಪಕ್ಷದವರ ಕೋಪಕ್ಕೂ ಅಂಜದೆ ಕೆಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದನು. ಐರ್ಲೆಂಡಿನಲ್ಲಿ ಅಂತರ್ಯುದ್ಧ ಬೇಡವೆಂಬ ದಂಡನಾಯಕನ ಲೆಕ್ಕಾಚಾರ ಅದು. ಆದರೆ 1830ರ ನವೆಂಬರಿನಲ್ಲಿ, ಇರುವ ಚುನಾವಣಾ ಪದ್ಧತಿಗೆ ಯಾವ ತಿದ್ದುಪಡಿಯೂ ಬೇಕಿಲ್ಲವೆಂದು ಘೋಷಿಸಿ, ಎರಡು ವಾರದೊಳಗೆ ಅಧಿಕಾರ ಕಳೆದುಕೊಂಡನು. 1831ರ ಏಪ್ರಿಲಿನಲ್ಲಿ, ಹೆಂಡತಿಯ ಶವ ಇನ್ನೂ ಮನೆಯೊಳಗಿರುವಾಗಲೇ, ಲಂಡನ್ನಿನ ಗುಂಪು ಅವನ ಕಿಟಕಿಗಳಿಗೆ ಕಲ್ಲು ಬೀರಿತು. ಆಮೇಲೆ ಅವನು ಹಾಕಿಸಿದ ಕಬ್ಬಿಣದ ಕಿಟಕಿ ಬಾಗಿಲುಗಳಿಂದಲೇ ‘ಉಕ್ಕಿನ ಡ್ಯೂಕ್’ ಎಂಬ ಹೆಸರು ಬಂತೆನ್ನುವವರೂ ಉಂಟು. ಎತ್ತಿನ ಮೇವಿನ ಲೆಕ್ಕದಲ್ಲಿ ತಪ್ಪದವನು ತನ್ನ ನಾಡಿನ ಜನರ ಮನಸ್ಸಿನ ಲೆಕ್ಕದಲ್ಲಿ ತಪ್ಪಿದನು. 1852ರಲ್ಲಿ ಸತ್ತಾಗ ಅದೇ ಲಂಡನ್ ಅವನ ಶವಯಾತ್ರೆಗೆ ಲಕ್ಷಗಟ್ಟಲೆ ನೆರೆಯಿತು. ಲೋಕದ ನೆನಪು ಹೀಗೆಯೇ.

ಹಾಗೆಂದು ಸ್ತುತಿಯ ಚಿತ್ರವನ್ನು ಒಡೆದು ನಿಂದೆಯ ಚಿತ್ರವನ್ನು ತೂಗುಹಾಕುವುದು ವಿಮರ್ಶೆಯಾಗದು. ಚನ್ನಗಿರಿಯ ಧೋಂಡಿಯ ವಾಘನನ್ನು ಬೆನ್ನಟ್ಟಿ 1800ರ ಸೆಪ್ಟೆಂಬರಿನಲ್ಲಿ ರಾಯಚೂರು ಸೀಮೆಯಲ್ಲಿ ಕೊಂದ ಸೈನ್ಯದ ನಾಯಕ ಇವನೇ. ಧೋಂಡಿಯನ ಪುಟ್ಟ ಮಗನನ್ನು ತನ್ನ ಡೇರೆಗೆ ಕರೆತಂದು, ದೇಶ ಬಿಡುವಾಗ ಅವನ ಪಾಲನೆಗೆ ಹಣವಿಟ್ಟು ಹೋದವನೂ ಇವನೇ. ರಾಜ್ಯವನ್ನು ನಮ್ಮ ಶಕ್ತಿಗೆ ಮೀರಿ ಹಿಗ್ಗಿಸುತ್ತಿದ್ದೇವೆ ಎಂದು ಅದೇ ವರ್ಷ ಥಾಮಸ್ ಮನ್ರೋಗೆ ಬರೆದನು, ಮೂರೇ ವರ್ಷದಲ್ಲಿ ಅದನ್ನು ಹಿಗ್ಗಿಸಲು ಪುಣೆಗೆ ನಡೆದನು. ಅವನ ವಿವೇಕ ಕಂಡದ್ದನ್ನು ಅವನ ಆಜ್ಞಾಪಾಲನೆ ಕಾಣದಂತೆ ಮಾಡಿತು.

ನಮ್ಮ ಕಡೆಯ ತಪ್ಪನ್ನೂ ನೋಡಿಕೊಳ್ಳಬೇಕು. ಮೈಸೂರಿನ ಎತ್ತು ಇಲ್ಲದಿದ್ದರೆ ವೆಲಿಂಗ್ಟನ್ ಇಲ್ಲ ಎಂದು ಬೀಗುವುದು ಸುಲಭ. ಆದರೆ ಆ ಎತ್ತುಗಳು ಹೊತ್ತು ತಂದದ್ದು ನಾವು ಇಂದು ಅನ್ನ ತಿನ್ನುತ್ತಿರುವ ಈ ಊರಿನ ಸ್ವಾತಂತ್ರ್ಯವನ್ನು ಮುಗಿಸಿದ ಶಕ್ತಿಯನ್ನು. ಮರಾಠಿ ನೆರೆಯವರ ಮುಂದೆ ಇದನ್ನು ಹೆಮ್ಮೆಯೆಂದು ಹೇಳುವಂತಿಲ್ಲ, ಇಲ್ಲವೆನ್ನುವಂತೆಯೂ ಇಲ್ಲ. ಅವರಿಗೂ ನಮಗೂ ಸೇರಿದ ಇತಿಹಾಸವೆಂದು ಕೂಡಿ ಓದಬೇಕು, ಅಷ್ಟೆ.

1805ರ ಮಾರ್ಚಿನಲ್ಲಿ ಭಾರತ ಬಿಡುವ ಮುನ್ನ ವೆಲ್ಲೆಸ್ಲಿ ಪೂರ್ಣಯ್ಯನವರಿಗೆ ಪತ್ರ ಬರೆದು, ಕೃತಜ್ಞತೆಯ ಗುರುತಾಗಿ ತನ್ನ ಭಾವಚಿತ್ರವನ್ನು ಸ್ವೀಕರಿಸಬೇಕೆಂದು ಕೇಳಿಕೊಂಡನು. ತನ್ನ ಋಣ ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ತಿಳಿದಿತ್ತು. ಅದನ್ನು ಮರೆತದ್ದು ಅವನ ಪ್ರತಿಮೆಗಳನ್ನು ನಿಲ್ಲಿಸಿದವರು. ಆ ಪ್ರತಿಮೆಗಳ ಮಾತನ್ನೇ ನಂಬಿ, ಅವನ ಪತ್ರಗಳನ್ನು ಓದದೆ ಬಿಟ್ಟದ್ದು ನಮ್ಮ ತಪ್ಪು.