ಕ್ಷ-ಕಿರಣದ ಸಾಕ್ಷ್ಯವೂ ಮಲಿಕ್-ಎ-ಮೈದಾನ್ ತೋಪೂ

ವಿಜಯಪುರದ ಷರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ಅದೇ ತೋಪಿನ ಮೇಲೆ, 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನ ವಿಜಯವನ್ನು ಸಾರುವ ಲೇಖವೂ ಉಂಟು. ಮೂಲಲೇಖವನ್ನೂ ಮೇಲೆ ಬಂದ ಲೇಖವನ್ನೂ ಬೇರ್ಪಡಿಸದೆ ಓದಿದವನಿಗೆ ತೋಪಿನ ಚರಿತ್ರೆ ತಲೆಕೆಳಗಾಗುವುದು. ಲೋಹದ ಒಳಗನ್ನು ಕ್ಷ-ಕಿರಣಗಳಿಂದ ಓದಹೊರಟವರಿಗೂ ಇದೇ ವಿವೇಕ ಅಗತ್ಯವೆಂಬುದು ನಮ್ಮ ಅಭಿಪ್ರಾಯ.

ಜರ್ಮನಿಯ ಫ್ಯೂರ್ಥ್ ನಗರದ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ 90 ಲಕ್ಷ ಎಲೆಕ್ಟ್ರಾನ್ ವೋಲ್ಟುಗಳ ಕಿರಣಗಳಿಂದ ಮೆಸೆರ್‌ಶ್ಮಿಟ್ 163 ಎಂಬ ಯುದ್ಧಕಾಲದ ವಿಮಾನದ ಒಳಗನ್ನೇ ಟೊಮೊಗ್ರಫಿಯಿಂದ ಚಿತ್ರಿಸಲಾಗಿದೆ. ಇದನ್ನು ಕಂಡು, ನಮ್ಮ ತೋಪುಗಳ ಎರಕದ ಗುಟ್ಟೂ ಹೀಗೆಯೇ ಹೊರಬೀಳುವುದೆಂದು ಭಾವಿಸುವುದು ಸಹಜ. ಆದರೆ ಆ ವಿಮಾನದ ರೆಕ್ಕೆಗಳು ಮರದವು, ಒಡಲು ತೆಳುಲೋಹದ್ದು. ನಮ್ಮದು ಸುಮಾರು 55 ಟನ್ನಿನ ಕಂಚು.

ಟೊಮೊಗ್ರಫಿಯ ಗಣಿತವು, ಗ್ರಾಹಕವನ್ನು ಮುಟ್ಟುವ ಕಿರಣವೆಲ್ಲ ನೇರವಾಗಿಯೇ ಬಂದುದೆಂದು ನಂಬುತ್ತದೆ. ವಾಸ್ತವದಲ್ಲಿ ಹಾಗಿಲ್ಲ. 1923ರಲ್ಲಿ ಕಾಂಪ್ಟನ್ ವಿವರಿಸಿದಂತೆ, ಕಿರಣವು ಎಲೆಕ್ಟ್ರಾನಿಗೆ ತಾಗಿ ದಾರಿ ಬದಲಿಸುವುದುಂಟು. ಹೀಗೆ ಚೆದರಿದ ಕಿರಣವೂ ಗ್ರಾಹಕವನ್ನು ಸೇರುತ್ತದೆ. ನೇರಕಿರಣ ಒಂದು ಪಾಲು, ಚೆದರಿದುದು ಒಂದು ಪಾಲು ಎಂದಿಟ್ಟುಕೊಂಡರೆ ಗ್ರಾಹಕವು ಎರಡೆಂದು ದಾಖಲಿಸುವುದು. ಕಂಚಿನಲ್ಲಿ ಈ ಕಿರಣಗಳು ಸುಮಾರು ಎರಡೂವರೆ ಸೆಂಟಿಮೀಟರಿಗೊಮ್ಮೆ ಅರ್ಧಕ್ಕಿಳಿಯುವುದರಿಂದ, ಅಷ್ಟು ದಪ್ಪದ ಲೋಹವೇ ಇಲ್ಲವೆಂದು ಲೆಕ್ಕ ಹೇಳಿಬಿಡುತ್ತದೆ. ವಸ್ತುವಿನ ನಡುಭಾಗದಲ್ಲಿ ನೇರಕಿರಣ ಕ್ಷೀಣಿಸುವ ಕಾರಣ ಈ ದೋಷ ಅಲ್ಲಿಯೇ ಹೆಚ್ಚು. ಗಟ್ಟಿ ಲೋಹವು ಸಡಿಲವಾಗಿ ತೋರುವುದು. ಅದನ್ನು ನೆಚ್ಚಿ ಎರಕಗಾರನಿಗೆ ಕೌಶಲವಿರಲಿಲ್ಲವೆಂದು ಬರೆದರೆ, ಕಿರಣದ ತಪ್ಪನ್ನು ಕುಶಲಕರ್ಮಿಯ ತಲೆಗೆ ಕಟ್ಟಿದಂತಾಗುವುದು.

ದೋಷವನ್ನು ತಿದ್ದುವ ಮಾರ್ಗಗಳು ಮುಖ್ಯವಾಗಿ ಮೂರು. ಕಿರಿದಾದ ಸೀಳುಗಂಡಿಯ ಮೂಲಕ ಕಿರಣವನ್ನು ಹಾಯಿಸಿ ಚೆದರಿದುದನ್ನು ತಡೆಯುವುದು ಮೊದಲನೆಯದು. ಕಿರಣದ ದಾರಿಯಲ್ಲಿ ಭಾರಲೋಹದ ಬಿಲ್ಲೆಗಳನ್ನಿಟ್ಟು, ಅವುಗಳ ನೆರಳಿನಲ್ಲಿ ದಾಖಲಾದುದನ್ನು ಚೆದರಿದ ಅಂಶವೆಂದು ಅಳೆದು ಕಳೆಯುವುದು ಎರಡನೆಯದು. ಮೂರನೆಯದು ಮಾಂಟೆ ಕಾರ್ಲೊ ವಿಧಾನ: ಲಕ್ಷಾಂತರ ಕಿರಣಗಳ ಪಥವನ್ನು ಗಣಕಯಂತ್ರದಲ್ಲಿ ಅನುಕರಿಸಿ ಚೆದರಿಕೆಯನ್ನು ಅಂದಾಜಿಸುವುದು. ನಮ್ಮ ಆಕ್ಷೇಪ ವಿಶೇಷವಾಗಿ ಈ ಕೊನೆಯದರ ಅವಿಮರ್ಶಿತ ಬಳಕೆಗೆ ಸಂಬಂಧಿಸಿದುದು. ಅನುಕರಣೆಗೆ ವಸ್ತುವಿನ ಆಕಾರ, ಸಾಂದ್ರತೆಗಳನ್ನು ಮೊದಲೇ ಕೊಡಬೇಕು. ನಾವು ತಿಳಿಯಬೇಕಾದುದೂ ಅದನ್ನೇ. ಶಾಸನದ ತ್ರುಟಿತ ಅಕ್ಷರಗಳನ್ನು ಊಹೆಯಿಂದ ತುಂಬಿ, ಬಳಿಕ ಆ ಊಹೆಯನ್ನೇ ಪ್ರಮಾಣವಾಗಿ ಉದ್ಧರಿಸುವ ಸಂಪಾದಕನನ್ನು ಯಾರೂ ಒಪ್ಪುವುದಿಲ್ಲ.

ತಿದ್ದುಪಡಿಗೆ ಒಂದು ಮೇರೆಯೂ ಇದೆ. ಮಲಿಕ್-ಎ-ಮೈದಾನಿನ ಮೂತಿಯ ವ್ಯಾಸ ಸುಮಾರು 150 ಸೆಂಟಿಮೀಟರು, ರಂಧ್ರದ್ದು ಸುಮಾರು 70. ನಡುವೆ ಹಾಯುವ ಕಿರಣವು 80 ಸೆಂಟಿಮೀಟರು ಕಂಚನ್ನು ದಾಟಬೇಕು, ಎಂದರೆ 30ಕ್ಕೂ ಹೆಚ್ಚು ಸಲ ಅರ್ಧಕ್ಕಿಳಿಯಬೇಕು. ನೂರು ಕೋಟಿಯಲ್ಲಿ ಒಂದಂಶವೂ ನೇರವಾಗಿ ಹೊರಬಾರದು. ಚೆದರಿದುದನ್ನು ಕಳೆಯಬಹುದು, ಬಾರದೇ ಇದ್ದುದನ್ನು ತರಿಸಲಾಗದು. ಅಂಥಲ್ಲಿ ದೊರೆಯುವ ಅಂದವಾದ ಚಿತ್ರವು ಸಾಕ್ಷ್ಯವಲ್ಲ, ಕಲ್ಪನೆ.

ಹಾಗೆಂದು ಈ ವಿಧಾನವನ್ನೇ ತಳ್ಳಿಹಾಕಬೇಕೆಂದು ನಾವು ಹೇಳುತ್ತಿಲ್ಲ. ಸಣ್ಣ ಕೋವಿಗಳಲ್ಲಿ, ತೆಳುವಾದ ಎರಕಗಳಲ್ಲಿ ಅದು ಉಪಯುಕ್ತವೇ. ಆದರೆ ಮೂರು ನಿಯಮಗಳು ಪಾಲನೆಯಾಗಬೇಕು. ತಿದ್ದದ ಚಿತ್ರವನ್ನೂ ತಿದ್ದಿದ ಚಿತ್ರವನ್ನೂ ಜೊತೆಯಾಗಿ ಪ್ರಕಟಿಸಬೇಕು. ತಿದ್ದಿದ ಬಗೆಯನ್ನು ತಿಳಿಸಬೇಕು. ಒಳಗಣ ಟೊಳ್ಳಿನ ಅಳತೆ ಮೊದಲೇ ಗೊತ್ತಿರುವ ಕಂಚಿನ ತುಂಡೊಂದನ್ನು ಅದೇ ಯಂತ್ರದಲ್ಲಿ ಪರೀಕ್ಷಿಸಿ ಫಲವನ್ನು ಹೋಲಿಸಬೇಕು. ಟಿಕೋಟ, ಬಬಲೇಶ್ವರಗಳಿಂದ ಬುರುಜನ್ನೇರಿ ಬರುವ ವಿದ್ಯಾರ್ಥಿಗೆ ಲೇಖವನ್ನು ಪರೀಕ್ಷಿಸಿ ಓದಲು ಕಲಿಸುವ ಅಧ್ಯಾಪಕರು, ಬಿಂಬವನ್ನೂ ಪರೀಕ್ಷಿಸಿ ಓದಲು ಕಲಿಸುವುದು ಕರ್ತವ್ಯವಾಗಿದೆ.