ಗಳಗನಾಥರಿಗೆ ಎಷ್ಟು ಸ್ಪೆಲ್ಲಿಂಗು?

ಹಳೆಯ ಕನ್ನಡ ಪುಸ್ತಕವೊಂದು ಬೇಕೆನಿಸಿದರೆ ಊರಲ್ಲಿರುವ ನಿಮಗೆ ಲೈಬ್ರರಿ ಇದೆ, ಹಳೇ ಪುಸ್ತಕದಂಗಡಿ ಇದೆ, ಏನೂ ಇಲ್ಲದಿದ್ದರೆ ನಿವೃತ್ತ ಮೇಷ್ಟ್ರೊಬ್ಬರ ಮನೆಯ ಅಟ್ಟವಿದೆ. ಪುಣೆಯಲ್ಲಿರುವ ನನ್ನಂಥವರಿಗೆ ಇಂಟರ್‌ನೆಟ್ಟೇ ಅಟ್ಟ. ಅಲ್ಲಿ ಸಾವಿರಗಟ್ಟಲೆ ಕನ್ನಡ ಪುಸ್ತಕಗಳು ಪುಕ್ಕಟೆ ಇವೆ ಅನ್ನುವುದು ನಿಜ. ಆದರೆ ಇರುವುದು ಬೇರೆ, ಸಿಗುವುದು ಬೇರೆ. ನನ್ನ ತಕರಾರು ಅಲ್ಲೇ.

ಗಳಗನಾಥರನ್ನೇ ತಗೊಳ್ಳಿ. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಓದುವ ಚಟ ಹಿಡಿಸಿದವರು. ಪುಣೆಯ ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಹಾಗಾಗಿ ಈ ಊರಿಗೂ ನೆಂಟರು. ತೀರಿಕೊಂಡದ್ದು 1942ರಲ್ಲಿ. ನಮ್ಮ ಕಾಯಿದೆಯಂತೆ ಹಕ್ಕು ಉಳಿಯುವುದು ಮರುವರ್ಷದಿಂದ 60 ವರ್ಷ. ಅಂದರೆ 2003ರಿಂದ ಅವರ ಬರಹ ಎಲ್ಲರ ಸ್ವತ್ತು. ಕಾಯಿದೆಯ ಬೀಗ ತೆರೆದಿದೆ. ಸ್ಪೆಲ್ಲಿಂಗಿನ ಬೀಗ ಮಾತ್ರ ಹಾಗೇ ಇದೆ.

ಕಾರಣ ಸರಳ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಕೇಂದ್ರವಾಗಿತ್ತು. ಆದರೂ ಕನ್ನಡ ಪುಸ್ತಕಗಳ ಹೆಸರು ಪಟ್ಟಿಗೆ ಸೇರಿದ್ದು ರೋಮನ್ ಅಕ್ಷರದಲ್ಲಿ. ಆ ತಾಣ ಮುಚ್ಚಿದರೂ ಪುಸ್ತಕಗಳು ಉಳಿದದ್ದು ಅಮೆರಿಕದ ಕಾರ್ಲ್ ಮಲಮೂದ್ ಅವರಂಥವರು ಇಂಟರ್‌ನೆಟ್ ಆರ್ಕೈವ್‌ಗೆ ನಕಲು ಮಾಡಿಟ್ಟದ್ದರಿಂದ. ಪುಸ್ತಕದ ಜತೆ ಆ ಪಟ್ಟಿಯೂ ಹೋಯಿತು. ರೋಮನ್ನಿನಲ್ಲಿ ‘ಕಳೆ’ಯೂ ‘ಕಲೆ’ಯೂ ಒಂದೇ. ಗಳಗನಾಥರ ಕೊನೆಗೆ ‘ಎ’ ಹಾಕಬೇಕೋ ಬೇಡವೋ, ‘ಟಿ’ ಪಕ್ಕ ‘ಎಚ್’ ಇದೆಯೋ ಇಲ್ಲವೋ, ‘ರು’ ಅಂಟಿಸಿದ್ದಾರೋ — ಟೈಪ್ ಮಾಡಿದವರ ಮನಸ್ಸು ನಾವು ಊಹಿಸಬೇಕು. ಸ್ಕ್ಯಾನ್ ಆದ ಪುಟವೋ ಬರೀ ಫೋಟೋ. ಒಳಗಿನ ಸಾಲು ಕೊಟ್ಟರೂ ಬಹಳ ಸಲ ಸಿಗುವುದಿಲ್ಲ.

ಹೀಗಾಗಿ ನಾನು ಪೂರ್ತಿ ಹೆಸರು ಹಾಕುವುದನ್ನೇ ಬಿಟ್ಟಿದ್ದೇನೆ. ಒಂದು ಗಟ್ಟಿ ತುಂಡು, ಜತೆಗೆ ‘ಕನ್ನಡ’, ಆಮೇಲೆ ಇಸವಿ. ಅದೂ ಆಗದಿದ್ದರೆ ‘ಪುಸ್ತಕ ಸಂಚಯ’. ಕನ್ನಡದ ಹುಡುಗರು ಈ ಪಟ್ಟಿಯನ್ನು ಕನ್ನಡ ಲಿಪಿಗೆ ತಂದ ಕೆಲಸವದು. ಸದ್ದಿಲ್ಲದೆ ಆದ ದೊಡ್ಡ ಸಾಹಿತ್ಯಸೇವೆ ಅಂತ ನನ್ನ ಎಣಿಕೆ. ಹೀಗೆ ಸಿಕ್ಕ ಎಷ್ಟೋ ಪುಸ್ತಕಗಳ ಮೊದಲ ಪುಟದಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಚೀಟಿ ಕಾಣುತ್ತದೆ. ಕನ್ನಡವನ್ನು ಕಾಪಾಡಿದ ಕಪಾಟುಗಳೆಲ್ಲ ಕರ್ನಾಟಕದಲ್ಲೇ ಇಲ್ಲ, ನೋಡಿ.

ಸಿಕ್ಕಿದ್ದೆಲ್ಲ ನಮ್ಮದೂ ಅಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇದೆ. ಯಾರೋ ಸ್ಕ್ಯಾನ್ ಮಾಡಿ ಹಾಕಿದ್ದನ್ನು ಇಳಿಸಿಕೊಂಡು ‘ಕನ್ನಡ ಉಳಿಸಿದೆವು’ ಅಂದರೆ ಪ್ರಕಾಶಕನ ಹೊಟ್ಟೆ ತುಂಬುವುದಿಲ್ಲ. ಅಂಗಡಿಯಲ್ಲಿ ಸಿಗುವುದನ್ನು ಕೊಂಡು ಓದುವುದೇ ನ್ಯಾಯ.

ಸ್ಕ್ಯಾನ್ ಮಾಡಿದವರ ಶ್ರಮ ನಾನು ಹಗುರ ಮಾಡುತ್ತಿಲ್ಲ. ಆದರೆ ಪಟ್ಟಿಯಿಲ್ಲದ ಗ್ರಂಥಾಲಯ ಬರೀ ಗೋದಾಮು. ನಮ್ಮ ಮಕ್ಕಳು ಇಲ್ಲಿ ಮರಾಠಿ ಹೆಸರನ್ನು ದೇವನಾಗರಿಯಲ್ಲಿ ಹುಡುಕಲು ಕಲಿಯುತ್ತಾರೆ. ಕನ್ನಡಕ್ಕೆ ಬಂದಾಗ ಇಂಗ್ಲಿಷ್ ಕೀಲಿ ಒತ್ತು ಅಂತ ನಾವೇ ಹೇಳಬೇಕಾಗಿದೆ. ಎರಡು ಸಲ ಬರಿಗೈಯಾದರೆ ಮೂರನೇ ಸಲ ಅವರು ಹುಡುಕುವುದಿಲ್ಲ. ಊರಿನ ನಿಮ್ಮ ಕಪಾಟಿನಲ್ಲಿ ಮೂಲ ಪ್ರತಿ ಇದ್ದರೆ ಅದರ ಹೆಸರು, ಲೇಖಕ, ಮುದ್ರಣಾಲಯ, ಇಸವಿ ಇಷ್ಟನ್ನು ಕನ್ನಡದಲ್ಲಿ ಟೈಪ್ ಮಾಡಿ ಇಂಥ ಕೆಲಸ ಮಾಡುತ್ತಿರುವವರಿಗೆ ತಲುಪಿಸಿ. ನಾಲ್ಕು ಸಾಲಿನ ಕೆಲಸ. ಅಷ್ಟಾದರೆ ಗಳಗನಾಥರ ಗಂಟು ಇನ್ನೊಂದಷ್ಟು ಊರು ತಿರುಗುತ್ತದೆ.